ವಾರಕ್ಕೆ 250 ಡಾಲರ್

2008ರ ಆರ್ಥಿಕ ಹಿಂಜರಿತದ ಮೇಲೆ ಬಂದ ಇಂಗ್ಲಿಷ್ ಸಿನಿಮಾಗಳಲ್ಲಿ ಹೆಚ್ಚಿನವು ಗಾಜಿನ ಕಟ್ಟಡಗಳ ಒಳಗೇ ನಡೀತಾವೆ. 'ಮಾರ್ಜಿನ್ ಕಾಲ್' ಹೆಚ್ಚುಕಡಿಮೆ ಒಂದು ದಿನದಲ್ಲಿ ಮುಗಿಯುವ ಬ್ಯಾಂಕಿನ ಕಥೆ. 'ದಿ ಬಿಗ್ ಶಾರ್ಟ್' ಮನೆಸಾಲಗಳು ಮುಳುಗುತ್ತವೆ ಅಂತ ಮೊದಲೇ ಊಹಿಸಿ ಬಾಜಿ ಕಟ್ಟಿದವರ ಕಥೆ. ಎರಡನ್ನೂ ನಾನು ಇಷ್ಟಪಟ್ಟೇ ನೋಡಿದ್ದೇನೆ. ಆದರೆ ಅವು ಬೆಂಕಿ ಹೇಗೆ ಹತ್ತಿತು ಅನ್ನೋದನ್ನ ಹೇಳುತ್ತವೆಯೇ ಹೊರತು ಸುಟ್ಟುಹೋದ ಮನೆಯವರು ಮರುದಿನ ಎಲ್ಲಿ ಮಲಗಿದರು ಅನ್ನೋದನ್ನಲ್ಲ. ಆ ಹಿಂಜರಿತದಲ್ಲಿ ಅಮೆರಿಕ ಸುಮಾರು 87 ಲಕ್ಷ ಉದ್ಯೋಗ ಕಳೆದುಕೊಂಡಿತು. 2009ರ ಅಕ್ಟೋಬರಿನಲ್ಲಿ ನಿರುದ್ಯೋಗ ಶೇ. 10 ಮುಟ್ಟಿತ್ತು. ಈ 87 ಲಕ್ಷ ಜನರನ್ನ ನೇರವಾಗಿ ಮುಖ ನೋಡಿ ಮಾತಾಡಿಸಿದ ಚಿತ್ರಗಳು ತೀರಾ ಕಡಿಮೆ. ಅದರಲ್ಲಿ ಒಂದು ಜೇಸನ್ ರೈಟ್ಮನ್‌ನ 'ಅಪ್ ಇನ್ ದಿ ಏರ್'. ಬಿಡುಗಡೆಯಾದದ್ದು ನಿರುದ್ಯೋಗ ನೆತ್ತಿಗೇರಿದ ಎರಡೇ ತಿಂಗಳಿಗೆ, 2009ರ ಡಿಸೆಂಬರಿನಲ್ಲಿ.

ನೋಡದವರಿಗೆ ಕಥೆ ಎರಡು ಸಾಲಲ್ಲಿ: ಜಾರ್ಜ್ ಕ್ಲೂನಿ ಮಾಡಿರೋ ರಯಾನ್ ಬಿಂಗಮ್‌ನ ಕೆಲಸ ಊರಿಂದೂರಿಗೆ ವಿಮಾನದಲ್ಲಿ ಹೋಗಿ, ಬೇರೆ ಕಂಪನಿಗಳ ನೌಕರರನ್ನ ಆ ಕಂಪನಿಗಳ ಪರವಾಗಿ ಕೆಲಸದಿಂದ ತೆಗೆಯೋದು. ಸ್ವಂತ ನೌಕರನ ಮುಖ ನೋಡಿ 'ನಾಳೆಯಿಂದ ಬರಬೇಡ' ಅನ್ನೋ ಧೈರ್ಯ ಇಲ್ಲದ ಮಾಲೀಕರು ಇವನನ್ನ ಬಾಡಿಗೆಗೆ ಕರೆಸ್ತಾರೆ. ಹಿಂಜರಿತ ಅಂದ್ರೆ ಇವನ ಕಂಪನಿಗೆ ಸುಗ್ಗಿ.

ಈ ಚಿತ್ರಕ್ಕೆ ಮೂಲ ವಾಲ್ಟರ್ ಕರ್ನ್ 2001ರಲ್ಲಿ ಬರೆದ ಕಾದಂಬರಿ. ಅಂದರೆ ಕಥೆ ಹುಟ್ಟಿದ್ದು ಈ ಹಿಂಜರಿತಕ್ಕೂ ಎಷ್ಟೋ ಮೊದಲು. ರೈಟ್ಮನ್ ಚಿತ್ರಕಥೆ ಬರೆಯಲು ಕೂತಾಗ ಕೆಲಸದಿಂದ ತೆಗೆಯುವ ದೃಶ್ಯಗಳು ನಗಿಸಲಿಕ್ಕಿದ್ದವು. ಚಿತ್ರ ತೆಗೆಯೋ ಹೊತ್ತಿಗೆ ದೇಶದಲ್ಲಿ ನಗೋ ಪರಿಸ್ಥಿತಿ ಇರಲಿಲ್ಲ. ಆಗ ಆತ ಸೇಂಟ್ ಲೂಯಿಸ್ ಮತ್ತು ಡೆಟ್ರಾಯ್ಟ್‌ನಲ್ಲಿ ಜಾಹೀರಾತು ಕೊಟ್ಟು, ನಿಜವಾಗಿಯೂ ಕೆಲಸ ಕಳೆದುಕೊಂಡವರನ್ನ ಕರೆಸಿ, ಕ್ಯಾಮೆರಾ ಮುಂದೆ ಕೂರಿಸಿದ. ಕೆಲಸ ಹೋದ ದಿನ ನೀವು ಏನು ಹೇಳಿದಿರೋ ಅದನ್ನೇ ಹೇಳಿ, ಅಥವಾ ಹೇಳಬೇಕು ಅಂದ್ಕೊಂಡಿದ್ದನ್ನ ಹೇಳಿ ಅಂದ. ಚಿತ್ರದಲ್ಲಿ ಸಿಟ್ಟಾಗುವ, ಅಳುವ, ಸುಮ್ಮನೆ ಮೇಜು ನೋಡುತ್ತಾ ಕೂರುವ ಮುಖಗಳಲ್ಲಿ ಹೆಚ್ಚಿನವು ಅವರದ್ದೇ. ಇಡೀ ಚಿತ್ರದಲ್ಲಿ ಅತ್ಯುತ್ತಮ ನಿಮಿಷಗಳು ಇವು. ಕ್ಲೂನಿಯ ನಗು ಅವರ ಎದುರಿಗೆ ಬಾಡಿಹೋಗುತ್ತೆ. ಇಷ್ಟರಮಟ್ಟಿಗೆ ರೈಟ್ಮನ್‌ಗೆ ಕೈಮುಗಿಯಬೇಕು.

ನನ್ನ ತಕರಾರು ಇರೋದು ಬೇರೊಂದು ದೃಶ್ಯದ ಬಗ್ಗೆ. ಅದರಲ್ಲಿರೋದು ನಟ, ಜೆ.ಕೆ. ಸಿಮ್ಮನ್ಸ್. ಪಾತ್ರದ ಹೆಸರು ಬಾಬ್. ಬಿಂಗಮ್ ಜೊತೆ ಕೆಲಸ ಕಲಿಯಲು ಬಂದಿರೋ ಹುಡುಗಿ, ಆನಾ ಕೆಂಡ್ರಿಕ್ ಮಾಡಿರೋ ನ್ಯಾಟಲಿ, ಎದುರಿಗೆ ಕೂತಿದ್ದಾಳೆ. ಬಾಬ್ ತನ್ನ ಮಕ್ಕಳ ಫೋಟೋ ತೆಗೆದು ತೋರಿಸ್ತಾನೆ, ಇವರಿಗೆ ಏನು ಹೇಳಲಿ ಅಂತ ಕೇಳ್ತಾನೆ. ಅಪ್ಪ ಅಮ್ಮ ಕಷ್ಟಕ್ಕೆ ಬಿದ್ದಾಗ ಮಕ್ಕಳು ಓದಿನಲ್ಲಿ ಹೆಚ್ಚು ಗಮನ ಕೊಡ್ತಾರಂತೆ ಅನ್ನೋ ಥರದ ಪುಸ್ತಕದ ಮಾತು ಆಡಿ ಆಕೆ ಬೈಸಿಕೊಳ್ತಾಳೆ. ಅದಕ್ಕೂ ಮೊದಲೇ ಬಾಬ್ ಲೆಕ್ಕ ಹೇಳಿರ್ತಾನೆ. ನನಗೀಗ ವರ್ಷಕ್ಕೆ 90 ಸಾವಿರ ಡಾಲರ್ ಸಂಬಳ, ನಿರುದ್ಯೋಗ ಭತ್ಯೆ ಅಂದ್ರೆ ವಾರಕ್ಕೆ 250 ಡಾಲರ್ ಬರಬಹುದೇನೋ, ಅಷ್ಟರಲ್ಲಿ ಮನೆ ಹೇಗೆ ನಡೆಸಲಿ, ಆಸ್ತಮಾ ಇರೋ ಮಗಳಿಗೆ ಔಷಧಿ ಎಲ್ಲಿಂದ ತರಲಿ ಅಂತ.

ಈಗ ಬಿಂಗಮ್ ಮಧ್ಯೆ ಬರ್ತಾನೆ. ಬಾಬ್‌ನ ರೆಸ್ಯೂಮೆ ನೋಡಿ, ನೀನು ಕಾಲೇಜಿನ ದಿನಗಳಲ್ಲಿ ಫ್ರೆಂಚ್ ಅಡುಗೆ ಕಲಿತವನಲ್ವಾ, ಆ ಕನಸನ್ನ ಎಷ್ಟು ಸಂಬಳಕ್ಕೆ ಬಿಟ್ಟುಕೊಟ್ಟೆ, ಇದು ನಿನಗೆ ಮರುಹುಟ್ಟು ಅನ್ನೋ ಅರ್ಥದಲ್ಲಿ ಮಾತಾಡ್ತಾನೆ. ಬಾಬ್ ಮೆತ್ತಗಾಗ್ತಾನೆ. ದೃಶ್ಯ ಮುಗಿಯಿತು.

ಬಾಬ್ ಕೇಳಿದ್ದು ಲೆಕ್ಕ, ಸಿಕ್ಕಿದ್ದು ಉಪದೇಶ. ಇದನ್ನ ಚಿತ್ರ ಗುರುತಿಸುತ್ತಾ? ಮೊದಲ ಸಲ ನೋಡಿದಾಗ ನನಗೆ ಗುರುತಿಸುತ್ತೆ ಅನ್ನಿಸಿತ್ತು. ಬಿಂಗಮ್ ಟೊಳ್ಳು ಮನುಷ್ಯ ಅಂತ ತೋರಿಸೋದೇ ಚಿತ್ರದ ಉದ್ದೇಶ ಅಲ್ವಾ ಅಂತ. ಆದರೆ ಎರಡನೇ ಸಲ ನೋಡಿದಾಗ ಆ ನಂಬಿಕೆ ಉಳಿಯಲಿಲ್ಲ. ಯಾಕಂದ್ರೆ ಕ್ಯಾಮೆರಾ, ಸಂಗೀತ, ನ್ಯಾಟಲಿಯ ಮೆಚ್ಚುಗೆಯ ನೋಟ ಎಲ್ಲವೂ ಬಿಂಗಮ್ ಕಡೆಗಿವೆ. ಚಿತ್ರದ ಕೊನೆಯಲ್ಲಿ ಆ ನಿಜವಾದ ನಿರುದ್ಯೋಗಿಗಳು ಮತ್ತೆ ಬಂದು, ಹೆಂಡತಿ ಮಕ್ಕಳು ಇದ್ದದ್ದರಿಂದ ತಡಕೊಂಡೆವು ಅಂತ ಹೇಳ್ತಾರೆ. ಅವರು ಹೇಳಿದ್ದು ಸುಳ್ಳಲ್ಲ, ಮನೆಯವರು ಇಲ್ಲದಿದ್ದರೆ ಯಾರು ತಡಕೊಳ್ತಾರೆ? ಆದರೆ ಎಷ್ಟೋ ಮಾತಾಡಿರಬಹುದಾದ ಅವರಿಂದ ಈ ಒಂದು ಮಾತನ್ನೇ ಆರಿಸಿ ಕೊನೆಗಿಟ್ಟದ್ದು ನಿರ್ದೇಶಕ. ಕೆಲಸ ಹೋದರೆ ಒಂದೋ ಕನಸು, ಇಲ್ಲವೋ ಕುಟುಂಬ. ಮಧ್ಯದಲ್ಲಿದ್ದ 250 ಡಾಲರ್ ಮಾಯ.

ನಾಲ್ಕು ವರ್ಷದ ಹಿಂದೆ ನನ್ನನ್ನ ಟೀಮ್ ಲೀಡ್ ಮಾಡಿದಾಗ ಆಫೀಸಿನಲ್ಲಿ 'ಕಷ್ಟದ ಮಾತುಕತೆ ಆಡೋದು ಹೇಗೆ' ಅಂತ ಅರ್ಧ ದಿನದ ಟ್ರೈನಿಂಗ್ ಇಟ್ಟಿದ್ರು. ಅದರಲ್ಲಿ ತೋರಿಸಿದ ವಿಡಿಯೋ ಇದೇ ದೃಶ್ಯ! ಹೀಗೆ ಮಾತಾಡಬೇಕು ನೋಡಿ ಅಂತ, ಮಾದರಿಯಾಗಿ. ತಮಾಷೆ ಏನಪ್ಪಾ ಅಂದ್ರೆ, ವಿಡಿಯೋ ಶುರುವಾಗಿದ್ದು ಬಿಂಗಮ್ ಬಾಯಿ ತೆರೆದಲ್ಲಿಂದ. ಲೆಕ್ಕದ ಭಾಗವನ್ನ ಯಾರೋ ಕತ್ತರಿಸಿ ಹಾಕಿದ್ರು. ಒಂದು ಸಿನಿಮಾದ ದೋಷ ಅದನ್ನ ಬಳಸುವವರ ಕೈಯಲ್ಲಿ ಹೇಗೆ ಬಯಲಾಗುತ್ತೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ.

ಸರಿ, ಬಾಬ್ ಕೇಳಿದ ಲೆಕ್ಕವನ್ನ ನಾವೇ ಮಾಡೋಣ. 90 ಸಾವಿರವನ್ನ 52 ವಾರಕ್ಕೆ ಹಂಚಿದರೆ ವಾರಕ್ಕೆ ಸುಮಾರು 1,730 ಡಾಲರ್. ಅದರಲ್ಲಿ 250 ಅಂದ್ರೆ ಏಳನೇ ಒಂದು ಪಾಲು. ಬಾಬ್ ಉತ್ಪ್ರೇಕ್ಷೆ ಮಾಡ್ತಿಲ್ಲ. ಡೆಟ್ರಾಯ್ಟ್ ಇರುವ ಮಿಶಿಗನ್ ರಾಜ್ಯದಲ್ಲಿ ಆಗ ಎಷ್ಟೇ ಸಂಬಳದವನಿಗೂ ಸಿಗ್ತಾ ಇದ್ದ ಗರಿಷ್ಠ ಭತ್ಯೆ ವಾರಕ್ಕೆ 362 ಡಾಲರ್. ಈ ಹಣ ಎಲ್ಲಿಂದ ಬರುತ್ತೆ? ಪ್ರತಿ ನೌಕರನ ಲೆಕ್ಕದಲ್ಲಿ ಮಾಲೀಕರು ಕಟ್ಟುವ ತೆರಿಗೆಯಿಂದ. ಒಳ್ಳೆ ಕಾಲದಲ್ಲಿ ರಾಜ್ಯಗಳು ಅದನ್ನ ಒಂದು ನಿಧಿಯಲ್ಲಿ ಕೂಡಿಡ್ತಾವೆ. ಕೆಟ್ಟ ಕಾಲದಲ್ಲಿ ಕಟ್ಟೋರು ಕಡಿಮೆ, ಕೇಳೋರು ಹೆಚ್ಚು. ಹೂಳು ತೆಗೆಸದೆ ಬಿಟ್ಟ ಕೆರೆಯ ಕಥೆಯೇ. ಕೆಲವೇ ವರ್ಷಗಳಲ್ಲಿ ಮೂವತ್ತಕ್ಕೂ ಹೆಚ್ಚು ರಾಜ್ಯಗಳ ನಿಧಿ ಬರಿದಾಗಿ, ಅವು ಕೇಂದ್ರ ಸರ್ಕಾರದಿಂದ ಸಾಲ ಎತ್ತಬೇಕಾಯಿತು.

ಕೇಂದ್ರದ ಸ್ಥಿತಿ ಏನಿತ್ತು ಅಂದ್ರೆ, 2009ರಲ್ಲಿ ಅದರ ಬಜೆಟ್ ಕೊರತೆ 1.4 ಲಕ್ಷ ಕೋಟಿ ಡಾಲರ್. ಹಿಂದಿನ ವರ್ಷದ ಮೂರು ಪಟ್ಟು. ಇದನ್ನ ಕೇಳಿದ ಕೂಡಲೇ ನಮ್ಮ ಟಿವಿ ಪಂಡಿತರು 'ಸರ್ಕಾರ ದುಂದುವೆಚ್ಚ ಮಾಡ್ತು' ಅಂತಾರೆ. ಆದರೆ ಕೊರತೆ ಏರಿದ್ದರಲ್ಲಿ ಒಂದು ದೊಡ್ಡ ಪಾಲು ಬಂದದ್ದು ಆದಾಯ ಬಿದ್ದದ್ದರಿಂದ. ಒಂದೇ ವರ್ಷದಲ್ಲಿ ಕೇಂದ್ರದ ವರಮಾನ 2.5 ಲಕ್ಷ ಕೋಟಿಯಿಂದ 2.1 ಲಕ್ಷ ಕೋಟಿ ಡಾಲರಿಗೆ ಇಳಿಯಿತು. ಕೆಲಸ ಇಲ್ಲದವನು ಆದಾಯ ತೆರಿಗೆ ಕಟ್ಟಲ್ಲ, ಲಾಭ ಇಲ್ಲದ ಕಂಪನಿ ಕಾರ್ಪೊರೇಟ್ ತೆರಿಗೆ ಕಟ್ಟಲ್ಲ. ಅದರ ಜೊತೆಗೆ ಒಬಾಮಾ ಸರ್ಕಾರ 2009ರ ಫೆಬ್ರವರಿಯಲ್ಲಿ 78,700 ಕೋಟಿ ಡಾಲರಿನ ಚೇತರಿಕೆ ಯೋಜನೆ ತಂದಿತು. ಬಾಬ್‌ಗೆ ಅದರಿಂದ ನೇರವಾಗಿ ಸಿಕ್ಕಿದ್ದು ಭತ್ಯೆಯ ಮೇಲೆ ವಾರಕ್ಕೆ ಇನ್ನೂ 25 ಡಾಲರ್. ಭತ್ಯೆಯ ಅವಧಿಯನ್ನ ಹಂತಹಂತವಾಗಿ ಹೆಚ್ಚಿಸಿ, ನಿರುದ್ಯೋಗ ತೀವ್ರವಾಗಿದ್ದ ರಾಜ್ಯಗಳಲ್ಲಿ 99 ವಾರದ ತನಕ ಒಯ್ದರು. ಇದು ದೊಡ್ಡ ಸಹಾಯವೇ, ಇಲ್ಲ ಅನ್ನಲ್ಲ.

ಆದರೆ ಕೇಂದ್ರ ಸರ್ಕಾರ ಸಾಲ ಮಾಡಿ ಖರ್ಚು ಮಾಡಬಹುದು, ರಾಜ್ಯಗಳು ಹಾಗೆ ಮಾಡೋ ಹಾಗಿಲ್ಲ. ಅಮೆರಿಕದ ಹೆಚ್ಚುಕಡಿಮೆ ಎಲ್ಲಾ ರಾಜ್ಯಗಳಲ್ಲಿ ಬಜೆಟ್ ಸರಿದೂಗಿಸಲೇಬೇಕು ಅನ್ನೋ ಕಟ್ಟಳೆ ಇದೆ. ವರಮಾನ ಬಿತ್ತು ಅಂದ್ರೆ ಕತ್ತರಿ ಹಾಕಲೇಬೇಕು. ಕ್ಯಾಲಿಫೋರ್ನಿಯಾ 2009ರ ಜುಲೈನಲ್ಲಿ ಕೊಡಬೇಕಾದವರಿಗೆ ದುಡ್ಡಿನ ಬದಲು 'ಆಮೇಲೆ ಕೊಡ್ತೀವಿ' ಅನ್ನೋ ಚೀಟಿ ಕೊಟ್ಟಿತು. ಹವಾಯಿಯಲ್ಲಿ ಮೇಷ್ಟ್ರ ಸಂಬಳ ಉಳಿಸಲಿಕ್ಕೆ 2009-10ರ ಶಾಲಾ ವರ್ಷದಲ್ಲಿ 17 ಶುಕ್ರವಾರ ಸರ್ಕಾರಿ ಶಾಲೆಗಳನ್ನೇ ಮುಚ್ಚಿದ್ರು. ಖಾಸಗಿ ಕಂಪನಿಗಳು ಜನರನ್ನ ತೆಗೆದ ಮೇಲೆ, ಸರ್ಕಾರಗಳ ಸರದಿ. 2008ರಿಂದ 2013ರ ನಡುವೆ ರಾಜ್ಯ ಮತ್ತು ಸ್ಥಳೀಯ ಸರ್ಕಾರಗಳು ಏಳು ಲಕ್ಷಕ್ಕೂ ಹೆಚ್ಚು ಉದ್ಯೋಗ ಕಡಿತ ಮಾಡಿದವು. ಮೇಷ್ಟ್ರು, ಗುಮಾಸ್ತರು, ಲೈಬ್ರರಿಯವರು. ಹಿಂಜರಿತ ಅಧಿಕೃತವಾಗಿ ಮುಗಿದದ್ದು 2009ರ ಜೂನ್‌ನಲ್ಲಿ. ಅಂದ್ರೆ ಈ ಕಡಿತದ ಹೆಚ್ಚಿನ ಪಾಲು ನಡೆದದ್ದು 'ಮುಗೀತು' ಅಂದಮೇಲೆ.

ಇನ್ನೊಂದು ವಿಷಯ ಕೇಳಿ. ದಶಕಗಳಿಂದ ರಾಜ್ಯಗಳು ಕೊಡುವ ಭತ್ಯೆ 26 ವಾರ ಅನ್ನೋದು ರೂಢಿಯಾಗಿತ್ತು. ನಿಧಿ ಬರಿದಾಗಿ ಸಾಲ ಏರಿದ ಮೇಲೆ, 2011ರಲ್ಲಿ ಕೆಲವು ರಾಜ್ಯಗಳು ಕಾನೂನು ಬದಲಿಸಿ ಅದನ್ನ ಕಡಿಮೆ ಮಾಡಿದವು. 20 ವಾರಕ್ಕೆ ಇಳಿಸಿದ ರಾಜ್ಯಗಳಲ್ಲಿ ಮಿಶಿಗನ್ ಇದೆ, ಮಿಸೌರಿ ಇದೆ. ಡೆಟ್ರಾಯ್ಟ್ ಮತ್ತು ಸೇಂಟ್ ಲೂಯಿಸ್. ರೈಟ್ಮನ್ ಯಾವ ಎರಡು ಊರುಗಳಿಂದ ಆ ಮುಖಗಳನ್ನ ತಂದನೋ, ಅದೇ ಎರಡು ಊರುಗಳ ರಾಜ್ಯಗಳು. ಚಿತ್ರ 2009ರಲ್ಲಿ ಬಂದದ್ದು, 2011ರ ಕಾನೂನು ಅದಕ್ಕೆ ಗೊತ್ತಿರಲಿಕ್ಕೆ ಸಾಧ್ಯವಿಲ್ಲ ಅನ್ನೋದು ನನಗೂ ಗೊತ್ತು. ನಾನು ಹೇಳೋದು ಇಷ್ಟೇ: ಬಾಬ್‌ನ ಪ್ರಶ್ನೆಯೊಳಗೆ ಇದೆಲ್ಲಾ ಇತ್ತು. ಚಿತ್ರ ಅದನ್ನ ಬಾಗಿಲ ತನಕ ಕರೆತಂದು, ಒಳಗೆ ಬಿಡಲಿಲ್ಲ.

ನಮ್ಮಲ್ಲಿ ಬಾಬ್ ಇದ್ದಿದ್ದರೆ ಅನ್ನೋ ಲೆಕ್ಕವನ್ನೂ ನಾನು ಆ ಟ್ರೈನಿಂಗ್ ಆದ ರಾತ್ರಿ ಮಾಡಿ ನೋಡಿದ್ದೆ. ಬೆಂಗಳೂರಿನ ಸಾಫ್ಟ್‌ವೇರ್ ನೌಕರನಿಗೆ ಸರ್ಕಾರದಿಂದ ಬರುವ ನಿರುದ್ಯೋಗ ಭತ್ಯೆ ಸೊನ್ನೆ. ಇಎಸ್‌ಐ ಅಡಿಯಲ್ಲಿ 2018ರಿಂದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ ಅಂತ ಒಂದಿದೆ. ಶುರುವಿನಲ್ಲಿ ಸರಾಸರಿ ಸಂಬಳದ ಶೇ. 25, ಹೆಚ್ಚೆಂದರೆ 90 ದಿನ. ಕೋವಿಡ್ ವರ್ಷದಲ್ಲಿ ಅದನ್ನ ಶೇ. 50 ಮಾಡಿದ್ರು. ಆದರೆ ಇಎಸ್‌ಐ ಇರೋದೇ ತಿಂಗಳಿಗೆ 21 ಸಾವಿರದ ಒಳಗಿನ ಸಂಬಳದವರಿಗೆ. ಅದಕ್ಕಿಂತ ಮೇಲಿನವರಿಗೆ ಇರೋದು ಪಿಎಫ್. ಅದು ನಮ್ಮದೇ ದುಡ್ಡು, ಮುದುಕರಾದ ಮೇಲೆ ತಿನ್ನಬೇಕಾದ ಅನ್ನವನ್ನ ಈಗಲೇ ತಿನ್ನೋದು. 87 ಲಕ್ಷ ಜನ ಅಲ್ಲಿ ಕೆಲಸ ಕಳಕೊಂಡಾಗ ಇಲ್ಲಿ ಕ್ಯಾಂಪಸ್ ಆಫರ್ ಲೆಟರ್ ಇಟ್ಟುಕೊಂಡು ಬಿಇ ಮುಗಿಸಿ ತಿಂಗಳುಗಟ್ಟಲೆ ಜಾಯಿನಿಂಗ್ ಡೇಟ್‌ಗೆ ಕಾದವರು ನಾವು. ನಮ್ಮನ್ನ ಯಾವ ನಿರುದ್ಯೋಗದ ಅಂಕಿಅಂಶವೂ ಲೆಕ್ಕಕ್ಕೆ ಹಿಡಿಯಲಿಲ್ಲ. ಕೆಲಸ ಇದೆ, ಸಂಬಳ ಇಲ್ಲ! ಅಷ್ಟೇ.

ಬೊಕ್ಕಸ, ಭತ್ಯೆ, ಬಜೆಟ್ ಇವನ್ನೆಲ್ಲಾ ಸಿನಿಮಾದಲ್ಲಿ ತೋರಿಸೋಕೆ ಆಗುತ್ತಾ, ಬೋರ್ ಹೊಡೆಯಲ್ವಾ ಅಂತ ನೀವು ಕೇಳಬಹುದು. ಆಗುತ್ತೆ. ಅದಕ್ಕೂ ಎಪ್ಪತ್ತು ವರ್ಷ ಮೊದಲೇ ಒಬ್ಬ ತೋರಿಸಿದ್ದಾನೆ. ಜಾನ್ ಫೋರ್ಡ್‌ನ 'ದಿ ಗ್ರೇಪ್ಸ್ ಆಫ್ ರಾತ್', 1940. ಸ್ಟೈನ್‌ಬೆಕ್ 1939ರಲ್ಲಿ ಬರೆದ ಕಾದಂಬರಿ ಆಧಾರಿತ. ಮೂವತ್ತರ ದಶಕದ ಮಹಾ ಕುಸಿತದಲ್ಲಿ ಒಕ್ಲಹೋಮಾದ ಗೇಣಿದಾರರ ಒಂದು ಕುಟುಂಬ ಜಮೀನು ಬಿಟ್ಟು, ಹಳೇ ಲಾರಿಯಲ್ಲಿ ಮುದುಕರು ಮಕ್ಕಳನ್ನ ತುಂಬಿಕೊಂಡು ಕೂಲಿ ಹುಡುಕುತ್ತಾ ಕ್ಯಾಲಿಫೋರ್ನಿಯಾಕ್ಕೆ ಹೋಗೋ ಕಥೆ.

ಅದರಲ್ಲೊಂದು ದೃಶ್ಯ ಇದೆ, ಬಿಂಗಮ್‌ನ ಮುತ್ತಜ್ಜನ ದೃಶ್ಯ ಅನ್ನಬಹುದು. ಜಮೀನು ಖಾಲಿ ಮಾಡಿಸಲು ಒಬ್ಬ ಕಾರಿನಲ್ಲಿ ಬರ್ತಾನೆ. ನನ್ನ ತಪ್ಪಲ್ಲ, ಕಂಪನಿಯ ಆದೇಶ ಅಂತಾನೆ. ಕಂಪನಿಗೆ ಯಾರು ಹೇಳಿದ್ದು? ಬ್ಯಾಂಕ್. ಬ್ಯಾಂಕಿಗೆ? ಅದಕ್ಕೂ ಮೇಲಿನವರು ಪೂರ್ವದ ಕಡೆ ಎಲ್ಲೋ ಇದ್ದಾರೆ. ಹಾಗಾದ್ರೆ ನಾವು ಗುಂಡು ಹೊಡೆಯಬೇಕಾದ್ದು ಯಾರಿಗೆ ಅಂತ ರೈತ ಕೇಳ್ತಾನೆ, ಉತ್ತರ ಇಲ್ಲ. ಆಮೇಲೆ ಮನೆ ಕೆಡವೋ ಟ್ರ್ಯಾಕ್ಟರ್ ಬರುತ್ತೆ. ಅದನ್ನ ಓಡಿಸ್ತಾ ಇರೋನು ಪಕ್ಕದ ಮನೆಯವರ ಮಗ. ದಿನಕ್ಕೆ 3 ಡಾಲರ್ ಕೊಡ್ತಾರೆ, ನನಗೂ ಹೆಂಡತಿ ಮಕ್ಕಳಿದ್ದಾರೆ ಅಂತಾನೆ. ಬಿಂಗಮ್ ಕೂಡಾ ಆ ಟ್ರ್ಯಾಕ್ಟರ್ ಓಡಿಸುವವನೇ. ವ್ಯತ್ಯಾಸ ಅಂದ್ರೆ ಫೋರ್ಡ್ ಆ ಹುಡುಗನನ್ನ ಎರಡು ನಿಮಿಷ ತೋರಿಸಿ ಮುಂದೆ ಹೋಗ್ತಾನೆ, ರೈಟ್ಮನ್ ಅವನನ್ನೇ ಹೀರೋ ಮಾಡ್ತಾನೆ.

ಆದರೆ ನಾನು ಈ ಚಿತ್ರ ಎತ್ತಿದ್ದು ಇನ್ನೊಂದು ಕಾರಣಕ್ಕೆ. ಎಲ್ಲಾ ಕಡೆ ಹೊಡೆಸಿಕೊಂಡು, ಕೂಲಿ ಅರ್ಧಕ್ಕಿಳಿಸಿಕೊಂಡು ಅಲೆದ ಕುಟುಂಬ ಒಂದು ಸರ್ಕಾರಿ ಶಿಬಿರಕ್ಕೆ ಬರುತ್ತೆ. ಅಲ್ಲಿ ನಲ್ಲಿ ಇದೆ, ಸ್ನಾನಕ್ಕೆ ಬಿಸಿನೀರಿದೆ, ಕಕ್ಕಸು ಇದೆ. ಶಿಬಿರ ನಡೆಸೋದು ಅಲ್ಲಿರೋ ಜನರೇ ಆರಿಸಿದ ಸಮಿತಿ, ಪೊಲೀಸರು ವಾರಂಟ್ ಇಲ್ಲದೆ ಒಳಗೆ ಬರೋ ಹಾಗಿಲ್ಲ. ಕಾದಂಬರಿಯಲ್ಲಿ ಮಕ್ಕಳಿಬ್ಬರು ಮೊದಲ ಸಲ ಫ್ಲಶ್ ಒತ್ತಿ, ನೀರು ಸುರಿದ ಸದ್ದಿಗೆ ಏನೋ ಮುರಿದುಬಿಟ್ವಿ ಅಂತ ಹೆದರುತ್ತಾರೆ. ಸ್ಟೈನ್‌ಬೆಕ್ ಇದನ್ನ ಕಲ್ಪಿಸಿದ್ದಲ್ಲ. ಕೇಂದ್ರ ಸರ್ಕಾರ ಅರ್ವಿನ್ ಅನ್ನೋ ಊರಿನ ಹತ್ತಿರ ನಡೆಸ್ತಾ ಇದ್ದ ಶಿಬಿರವನ್ನ, ಅದರ ಮ್ಯಾನೇಜರ್ ಟಾಮ್ ಕಾಲಿನ್ಸ್ ಜೊತೆ ಓಡಾಡಿ ನೋಡಿದ್ದ. ಕಾದಂಬರಿಯ ಅರ್ಪಣೆಯಲ್ಲಿ ಆ ಟಾಮ್‌ನ ಹೆಸರಿದೆ. ಸರ್ಕಾರದ ದುಡ್ಡು ಅಂದರೆ ಏನು ಅನ್ನೋದಕ್ಕೆ ಅಂಕಿಅಂಶ ಬೇಕಾಗಿಲ್ಲ, ಒಂದು ನಲ್ಲಿ ಸಾಕು.

ನಮ್ಮ ಆಯಿಗೆ ಇಂಗ್ಲಿಷ್ ಬರಲ್ಲ, ಆದರೆ ಈ ಭಾಗ ತೋರಿಸಿದ್ದರೆ ವಿವರಿಸೋ ಅಗತ್ಯವೇ ಇರುತ್ತಿರಲಿಲ್ಲ. ನಮ್ಮ ವಿಜಯಪುರದ ಕಡೆ 1972ರ ಬರದಲ್ಲಿ ಸರ್ಕಾರದ ಬರಗಾಲದ ಕೆಲಸಕ್ಕೆ ಹೋಗಿ ರಸ್ತೆಗೆ ಕಲ್ಲು ಒಡೆದವಳು ಆಕೆ. 'ಕಲ್ಲ ಒಡದ ಹೊಟ್ಟಿ ತುಂಬಿಸ್ಕೊಂಡೇವಿ, ಯಾರ ಮುಂದೂ ಕೈ ಒಡ್ಡಿಲ್ಲ' ಅಂತ ಈಗಲೂ ಹೇಳ್ತಾಳೆ. ಸರ್ಕಾರ ಕೊಟ್ಟ ಕೂಲಿ ಆಕೆಗೆ ದಾನವಾಗಿ ಕಾಣಲೇ ಇಲ್ಲ.

ಫೋರ್ಡ್‌ನ ಚಿತ್ರದಲ್ಲೂ ಒಂದು ಮೋಸ ಇದೆ, ಅದನ್ನೂ ಹೇಳಿಬಿಡಬೇಕು. ಕಾದಂಬರಿಯಲ್ಲಿ ಶಿಬಿರ ಮಧ್ಯದಲ್ಲಿ ಬರುತ್ತೆ. ಸುತ್ತಮುತ್ತ ಎಲ್ಲೂ ಕೆಲಸ ಸಿಗದೆ, ನಲ್ಲಿ ನೀರು ಬಿಟ್ಟು ಕುಟುಂಬ ಮತ್ತೆ ಅಲೆಯೋಕೆ ಹೊರಡುತ್ತೆ, ಕೊನೆಗೆ ಪ್ರವಾಹಕ್ಕೆ ಸಿಕ್ಕುತ್ತೆ. ಫೋರ್ಡ್ ಈ ಅನುಕ್ರಮವನ್ನೇ ತಿರುಗಿಸಿ, ಶಿಬಿರವನ್ನ ಕೊನೆಗೆ ತಂದು, ತಾಯಿಯ ಧೈರ್ಯದ ಮಾತಿನಿಂದ ಮುಗಿಸಿದ. ಶಿಬಿರ ನೀರು ಕೊಡಬಹುದು, ಕೆಲಸ ಕೊಡೋಕೆ ಆಗಲ್ಲ ಅನ್ನೋ ಕಹಿಸತ್ಯ ತೆರೆಯ ಮೇಲೆ ಮಸುಕಾಯಿತು. ಆದರೂ ಅವನಲ್ಲಿ ಸರ್ಕಾರ ಅನ್ನೋದು ಒಂದು ಪಾತ್ರವಾಗಿ ಇದೆ.

2020ರ 'ನೊಮ್ಯಾಡ್‌ಲ್ಯಾಂಡ್' ಇದೇ ಅಲೆಮಾರಿಗಳ ಮೊಮ್ಮಕ್ಕಳ ಕಥೆ. ಕ್ಲೋಯಿ ಝಾವೊ ನಿರ್ದೇಶನ, ಆಸ್ಕರ್‌ನಲ್ಲಿ ಅತ್ಯುತ್ತಮ ಚಿತ್ರ. ಮೊದಲ ಅಕ್ಷರಗಳೇ ನೆವಾಡಾದ ಎಂಪೈರ್ ಅನ್ನೋ ಊರಿನ ಬಗ್ಗೆ. ಗೋಡೆ ಹಲಗೆಗಳಿಗೆ ಬೇಡಿಕೆ ಬಿದ್ದು 2011ರ ಜನವರಿ 31ಕ್ಕೆ ಅಲ್ಲಿನ ಜಿಪ್ಸಂ ಕಾರ್ಖಾನೆ ಮುಚ್ಚಿತು, ಕೆಲವೇ ತಿಂಗಳಲ್ಲಿ ಊರಿನ ಪಿನ್‌ಕೋಡೇ ರದ್ದಾಯಿತು. ಯಾರೂ ಮನೆ ಕಟ್ಟದಿದ್ದರೆ ಹಲಗೆ ಯಾರಿಗೆ ಬೇಕು? 'ದಿ ಬಿಗ್ ಶಾರ್ಟ್' ಎರಡು ಗಂಟೆ ವಿವರಿಸಿದ ಮನೆಸಾಲದ ಕುಸಿತ ಇಲ್ಲಿ ನಾಲ್ಕು ಸಾಲಲ್ಲಿ ಒಂದು ಊರನ್ನ ನುಂಗುತ್ತೆ. ಅಲ್ಲಿನ ವಿಧವೆ ಫರ್ನ್ ವ್ಯಾನಿನಲ್ಲೇ ವಾಸ ಮಾಡುತ್ತಾ, ಅಮೆಜಾನ್ ಗೋದಾಮಿನಲ್ಲಿ, ಶುಗರ್ ಬೀಟ್ ಕಟಾವಿನಲ್ಲಿ ಋತುಮಾನದ ಕೂಲಿ ಮಾಡ್ತಾಳೆ. ಆಕೆಯ ಗೆಳತಿ ಲಿಂಡಾ ಮೇ ನಿಜವಾದ ಅಲೆಮಾರಿ, ತನ್ನ ಪಾತ್ರವನ್ನ ತಾನೇ ಮಾಡಿದ್ದಾಳೆ. ಹನ್ನೆರಡನೇ ವಯಸ್ಸಿನಿಂದ ದುಡಿದು, ಇಬ್ಬರು ಹೆಣ್ಣುಮಕ್ಕಳನ್ನ ಸಾಕಿ, 2008ರಲ್ಲಿ ಕೆಲಸ ಸಿಗದೆ ತನಗೆ ಬರೋ ಸೋಶಿಯಲ್ ಸೆಕ್ಯುರಿಟಿ ಪಿಂಚಣಿ ಎಷ್ಟು ಅಂತ ನೋಡಿದಳಂತೆ. 550 ಡಾಲರ್. ಬಾಬ್‌ನ 250ರ ಪ್ರಶ್ನೆಗೆ ಹನ್ನೊಂದು ವರ್ಷದ ಮೇಲೆ ಯಾರೋ ಮರುಪ್ರಶ್ನೆ ಹಾಕಿದ ಹಾಗಾಯ್ತು ನನಗೆ.

ಆದರೆ ಝಾವೊಗೆ ಸೂರ್ಯಾಸ್ತದ ಮೇಲೆ ಪ್ರೀತಿ ಸ್ವಲ್ಪ ಜಾಸ್ತಿ. ಜೆಸ್ಸಿಕಾ ಬ್ರೂಡರ್‌ಳ ಮೂಲ ಪುಸ್ತಕದಲ್ಲಿ ಅಮೆಜಾನ್ ಗೋದಾಮಿನ ಗೋಡೆಗೆ ನೋವಿನ ಮಾತ್ರೆಯ ಯಂತ್ರಗಳಿವೆ, ಬಿಟ್ಟಿ ಮಾತ್ರೆ ನುಂಗಿಕೊಂಡು ಅರವತ್ತು ದಾಟಿದವರು ಸಾಮಾನು ಹೊರ್ತಾರೆ. ಚಿತ್ರದಲ್ಲಿ ಆ ಗೋದಾಮು ಸಂಜೆ ಗೆಳತಿಯರು ಸೇರಿ ಹರಟೋ ಜಾಗದ ಹಾಗಿದೆ. ಬಡತನ ಬರ್ತಾ ಬರ್ತಾ ಸ್ವಾತಂತ್ರ್ಯದ ಹಾಗೆ ಕಾಣತೊಡಗುತ್ತೆ. ಬಿಂಗಮ್ ಮಾತಿನಲ್ಲಿ ಮಾಡಿದ್ದನ್ನ ಝಾವೊ ಕ್ಯಾಮೆರಾದಲ್ಲಿ ಮಾಡ್ತಾಳೆ.

ಅದರಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಯಾರೂ ಮಾತಾಡದ ಒಂದು ಸಣ್ಣ ದೃಶ್ಯ. ಫರ್ನ್ ಉದ್ಯೋಗ ಕಚೇರಿಗೆ ಹೋಗ್ತಾಳೆ. ಮೇಜಿನ ಆಚೆ ಇರೋ ಹೆಂಗಸು, ನಿವೃತ್ತಿ ಪಿಂಚಣಿಗೆ ಈಗಲೇ ಅರ್ಜಿ ಹಾಕಬಹುದಲ್ಲ ಅಂತಾಳೆ. ಅಷ್ಟರಲ್ಲಿ ಬದುಕೋಕೆ ಆಗಲ್ಲ, ನನಗೆ ಕೆಲಸ ಬೇಕು ಅಂತಾಳೆ ಫರ್ನ್. ಆ ಕಡೆ ಕೂತವಳ ಹತ್ತಿರ ಕೊಡಲಿಕ್ಕೆ ಬೇರೇನೂ ಇಲ್ಲ, ಅದು ಆಕೆಗೂ ಗೊತ್ತು. ಅಂಥ ಮೇಜುಗಳ ಹಿಂದೆ ಕೂರುವವರು ಸಾಮಾನ್ಯವಾಗಿ ರಾಜ್ಯ ಇಲ್ಲವೇ ಸ್ಥಳೀಯ ಸರ್ಕಾರದ ನೌಕರರು. ಏಳು ಲಕ್ಷ ಕಡಿತದಲ್ಲಿ ಪಕ್ಕದ ಎಷ್ಟು ಮೇಜು ಖಾಲಿಯಾದವೋ, ಆಕೆಗೆ ತನ್ನ ಸರದಿಯ ಭಯ ಎಷ್ಟಿತ್ತೋ. ಕ್ಯಾಮೆರಾ ಒಂದು ಕ್ಷಣ ಆಕೆಯ ಮುಖ ತೋರಿಸಿ ಫರ್ನ್ ಜೊತೆ ಹೊರಗೆ ಹೋಗಿಬಿಡುತ್ತೆ. ನಾನು ನೋಡಬೇಕು ಅಂದ್ಕೊಂಡಿರೋ ಸಿನಿಮಾ ಆ ಮೇಜಿನ ಹಿಂದೆಯೇ ಉಳಿದುಕೊಂಡಿದೆ. ಅದನ್ನ ಇನ್ನೂ ಯಾರಾದರೂ ತೆಗೆಯಬೇಕು.